ಡ್ರೋನ್ 20 ಕಿ.ಮೀ. ಏರಲೇಬೇಕೇ? ಸಂಶೋಧನಾ ವಿದ್ಯಾರ್ಥಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ನಮ್ಮ ಗೈಡ್ ಏರೋಸ್ಪೇಸ್ ವಿಭಾಗದವರ ಜೊತೆ ಸೇರಿ ಒಂದು ಯೋಜನೆಗೆ ಅನುದಾನ ತಂದಿದ್ದಾರೆ. ಸುಮಾರು 20 ಕಿ.ಮೀ. ಎತ್ತರದಲ್ಲಿ ತಿಂಗಳುಗಟ್ಟಲೆ ಹಾರುವ ಸೌರ ಡ್ರೋನ್ ಕಟ್ಟಿ, ಅದರಿಂದ ಜೌಗುನೆಲದ ಮೀಥೇನ್, ಕಾಡ್ಗಿಚ್ಚಿನ ಹೊಗೆ, ನೆಲದ ಉಷ್ಣತೆ ಮೂರನ್ನೂ ಅಳೆಯಬೇಕು ಎಂಬುದು ಗುರಿ. ಅಳತೆಯ ಭಾಗ ನನ್ನ ಪಾಲಿಗೆ ಬಂದಿದೆ. ವಿಮಾನ ಇನ್ನೂ ಕಾಗದದ ಮೇಲೆಯೇ ಇದೆ. ಅಲ್ಲಿಯವರೆಗೆ ಮಾರುಕಟ್ಟೆಯ ಡ್ರೋನ್ ಒಂದಕ್ಕೆ ಪ್ರೊಪೆಲ್ಲರ್, ಬ್ಯಾಟರಿ ಬದಲಿಸಿ ಮೇಲಕ್ಕೆ ಕಳಿಸಬಹುದು ಅಂತ ಸಹಪಾಠಿಯೊಬ್ಬ ಹೇಳುತ್ತಾನೆ. ಮಂಗಳ ಗ್ರಹದಲ್ಲೇ ಹೆಲಿಕಾಪ್ಟರ್ ಹಾರಿದೆಯಲ್ಲ ಎನ್ನುವುದು ಅವನ ವಾದ. ಉಪಗ್ರಹದ ಡೇಟಾ ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ ಅಂತ ಇನ್ನೊಬ್ಬಳು ಕೇಳುತ್ತಾಳೆ. ಕಡಿಮೆ ಬೆಲೆಯ ಸೆನ್ಸರ್ ಹಾಕಿದರೆ ಜರ್ನಲ್‌ನವರು ಒಪ್ಪುತ್ತಾರೆಯೇ? ಉಳಿದಿರುವ ಎರಡು-ಮೂರು ವರ್ಷದಲ್ಲಿ ಇದು ಮುಗಿಯುವ ಕೆಲಸವೇ?

ಉತ್ತರ: ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಚಿಂತೆ ಒಂದೇ ಅನ್ನಿಸುತ್ತದೆ: ವಿಮಾನ ಹಾರದೇ ಹೋದರೆ ನನ್ನ ಪಿಎಚ್‌ಡಿ ಗತಿಯೇನು? ಆ ಚಿಂತೆಗೆ ಕಾರಣವಿದೆ. ವಾಯುಮಂಡಲದ ಅಳತೆಗೆ ಸಂಬಂಧಿಸಿದ ಪ್ರಸ್ತಾವಗಳನ್ನು ಓದುವ ಕೆಲಸ ನನಗೆ ಆಗಾಗ ಬರುತ್ತದೆ. ಅವುಗಳಲ್ಲಿ ಬಹಳಷ್ಟು ಎತ್ತರದಿಂದ ಶುರುವಾಗುತ್ತವೆ: 'ನಾವು 20 ಕಿ.ಮೀ.ಗೆ ಹೋಗುತ್ತೇವೆ'. ಅಲ್ಲಿಗೆ ಹೋಗಿ ಏನನ್ನು, ಎಷ್ಟು ನಿಖರವಾಗಿ, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು ಎಂಬುದು ಹದಿನೈದನೇ ಪುಟದಲ್ಲಿ ಒಂದು ಪ್ಯಾರಾದಲ್ಲಿ ಬಂದುಹೋಗುತ್ತದೆ. ನಿಮ್ಮ ಯೋಜನೆಯೂ ಆ ಜಾತಿಯದೇ ಇರಬೇಕು ಎಂಬ ಅನುಮಾನ ನನ್ನದು. ಯಾಕೆಂದರೆ ನೀವು ಹೆಸರಿಸಿದ ಮೂರು ಅಳತೆಗಳಿಗೆ ಬೇಕಾಗುವುದು ಮೂರು ಬೇರೆ ಬೇರೆ ಎತ್ತರಗಳು.

ಸುಲಭದ್ದನ್ನು ಮೊದಲು ಮುಗಿಸೋಣ. ಮಾರುಕಟ್ಟೆಯ ಮಲ್ಟಿರೋಟರ್ (ಹಲವು ಪ್ರೊಪೆಲ್ಲರಿನ) ಡ್ರೋನನ್ನು 20 ಕಿ.ಮೀ. ಏರಿಸಲಾಗದು. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.225 ಕೆ.ಜಿ. ತೂಗುತ್ತದೆ, 20 ಕಿ.ಮೀ.ನಲ್ಲಿ ಅದು 0.088 ಕೆ.ಜಿ. ಮಾತ್ರ, ಅಂದರೆ ಕೆಳಗಿನದರ ಶೇ. 7ರಷ್ಟು. ಅಷ್ಟು ತೆಳು ಗಾಳಿಯಲ್ಲಿ ಅದೇ ಪ್ರೊಪೆಲ್ಲರ್ ಅದೇ ತೂಕ ಎತ್ತಬೇಕಾದರೆ ಸುಮಾರು 3.7 ಪಟ್ಟು ವೇಗವಾಗಿ ತಿರುಗಬೇಕು. ಕೆಳಗೆ ರೆಕ್ಕೆಯ ತುದಿ ಸೆಕೆಂಡಿಗೆ 100 ಮೀಟರ್ ಆಸುಪಾಸಿನಲ್ಲಿ ಚಲಿಸುತ್ತಿದ್ದರೆ ಮೇಲೆ 370 ಮೀಟರ್ ಆಗಬೇಕು. ಆ ಎತ್ತರದಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 295 ಮೀಟರ್. ತುದಿ ಶಬ್ದದ ವೇಗದ ಹತ್ತಿರ ಬಂದೊಡನೆ ಎತ್ತುವ ಬಲ ಕುಸಿದು, ಗಾಳಿಯ ಎಳೆತ ಏರಿಬಿಡುತ್ತದೆ. ದೊಡ್ಡ ಪ್ರೊಪೆಲ್ಲರ್ ಹಾಕಿ ತುದಿಯ ವೇಗ ಇಳಿಸೋಣ ಎಂದರೆ ಚೌಕಟ್ಟು, ಮೋಟಾರು ಎಲ್ಲವೂ ಹಿಗ್ಗುತ್ತವೆ. ಸಮಯದ ಲೆಕ್ಕವೂ ಇದೆ: ಸೆಕೆಂಡಿಗೆ 5 ಮೀಟರ್ ಏರಿದರೂ 20 ಕಿ.ಮೀ. ಮುಟ್ಟಲು ಒಂದು ಗಂಟೆಗೂ ಹೆಚ್ಚು ಬೇಕು. ಇಂಥ ಡ್ರೋನುಗಳ ಇಡೀ ಹಾರಾಟವೇ ಅರ್ಧ-ಮುಕ್ಕಾಲು ಗಂಟೆಯದು.

ಮಂಗಳದ ಹೆಲಿಕಾಪ್ಟರ್ ಇಂಜೆನ್ಯುಯಿಟಿ ಹಾರಿದ್ದು ನಿಜ, 2021ರ ಏಪ್ರಿಲ್‌ನಲ್ಲಿ. ಅಲ್ಲಿಯ ಗಾಳಿ ನಮ್ಮ 20 ಕಿ.ಮೀ.ನ ಗಾಳಿಗಿಂತಲೂ ತೆಳು. ಆದರೆ ಗುರುತ್ವ ಇಲ್ಲಿಯದರ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ. ಅದರ ತೂಕ 1.8 ಕೆ.ಜಿ., ರೋಟರ್ 1.2 ಮೀಟರ್ ಅಗಲ, ಅತಿ ದೀರ್ಘ ಹಾರಾಟ ಮೂರು ನಿಮಿಷದೊಳಗೆ. ಅದು ನೆಲದಿಂದಲೇ ಎದ್ದು ನೆಲಕ್ಕೇ ಇಳಿಯಿತು; 20 ಕಿ.ಮೀ. ಏರುವ ಕೆಲಸ ಅದಕ್ಕಿರಲಿಲ್ಲ. ನಿಮ್ಮ ಸಹಪಾಠಿಗೆ ಇಷ್ಟು ಹೇಳಿದರೆ ಸಾಕು.

ಇನ್ನು ಸೌರ ವಿಮಾನ. ಇದು ಕಟ್ಟುಕಥೆಯಲ್ಲ. ನಾಸಾದ ಹೀಲಿಯೋಸ್ 2001ರ ಆಗಸ್ಟ್ 13ರಂದು 29,524 ಮೀಟರ್ ಏರಿತು. ಅದರ ರೆಕ್ಕೆಯ ಅಗಲ 75 ಮೀಟರ್. ಏರ್‌ಬಸ್‌ನ ಜೆಫಿರ್ 2022ರಲ್ಲಿ 64 ದಿನ ಇಳಿಯದೆ ಹಾರಿತು. 25 ಮೀಟರ್ ರೆಕ್ಕೆ, 75 ಕೆ.ಜಿ. ತೂಕ, ಹೊರುವ ಭಾರ ಮಾತ್ರ ಐದು ಕೆ.ಜಿ. ಆಸುಪಾಸು. ಈ ಕೊನೆಯ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಮೂರೂ ಉಪಕರಣ, ಅವುಗಳ ಬಿಸಿಯಾರದ ಪೆಟ್ಟಿಗೆ, ಕಂಪ್ಯೂಟರ್, ಮಾಹಿತಿ ಕಳಿಸುವ ರೇಡಿಯೋ ಎಲ್ಲ ಅದರೊಳಗೆ ಬರಬೇಕು.

ಭಾರ ಇಷ್ಟು ಕಡಿಮೆಯಾಗಲು ಕಾರಣ ರಾತ್ರಿ. ಹಗಲು ಸೂರ್ಯ ಕೊಟ್ಟದ್ದನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಬೆಳಗಿನವರೆಗೆ ತಳ್ಳಬೇಕು. ಉದಾಹರಣೆಗೆ ನಿಮ್ಮ ವಿಮಾನಕ್ಕೆ ಮಟ್ಟಸ ಹಾರಲು ಒಂದು ಕಿಲೋವಾಟ್ ಬೇಕು, ರಾತ್ರಿ 14 ಗಂಟೆ ಎಂದಿಟ್ಟುಕೊಳ್ಳಿ. ಅದು 14 ಕಿಲೋವಾಟ್-ಗಂಟೆ. ಕೆ.ಜಿ.ಗೆ 250 ವಾಟ್-ಗಂಟೆ ಹಿಡಿಯುವ ಸಾಮಾನ್ಯ ಲಿಥಿಯಂ-ಅಯಾನ್ ಕೋಶಗಳಾದರೆ 56 ಕೆ.ಜಿ. ಬ್ಯಾಟರಿ ಆಯಿತು. ಕೆ.ಜಿ.ಗೆ 400 ವಾಟ್-ಗಂಟೆ ಹಿಡಿಯುವ ದುಬಾರಿ ಕೋಶಗಳಾದರೂ 35 ಕೆ.ಜಿ. ವಿಮಾನ ಭಾರವಾದರೆ ಇನ್ನಷ್ಟು ಶಕ್ತಿ ಬೇಕು, ಶಕ್ತಿಗೆ ಇನ್ನಷ್ಟು ಬ್ಯಾಟರಿ. ಲೆಕ್ಕ ತನ್ನ ಬಾಲವನ್ನೇ ಕಚ್ಚುತ್ತದೆ. ಚಳಿಗಾಲದಲ್ಲಿ, ಧ್ರುವದ ಕಡೆಗೆ ಹೋದಷ್ಟೂ, ರಾತ್ರಿ ಉದ್ದವಾಗಿ ಬಿಸಿಲು ಓರೆಯಾಗುತ್ತದೆ. 'ವರ್ಷವಿಡೀ ಹಾರುವ' ವಿಮಾನ ಅಲ್ಲಿ ಸಾಧ್ಯವಾಗದಿರುವುದು ಅದಕ್ಕೇ.

ಹಾಗಿದ್ದರೂ ಎಲ್ಲರೂ 20 ಕಿ.ಮೀ. ಅನ್ನೇ ಹಿಡಿಯುವುದೇಕೆ? ಅಲ್ಲಿ ಗಾಳಿ ತುಲನೆಯಲ್ಲಿ ಶಾಂತ. ಬಿರುಸಾಗಿ ಬೀಸುವ ಜೆಟ್ ಸ್ಟ್ರೀಮ್ ಇರುವ ಎತ್ತರ ದಾಟಿ ಸ್ಟ್ರಾಟೋಸ್ಫಿಯರ್, ಅಂದರೆ ಸಮೋಷ್ಣ ಮಂಡಲ, ಹೊಕ್ಕ ಮೇಲೆ 18ರಿಂದ 22 ಕಿ.ಮೀ. ನಡುವೆ ಗಾಳಿಯ ವೇಗ ಸಾಮಾನ್ಯವಾಗಿ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ. ನಿಧಾನವಾಗಿ ಹಾರುವ ವಿಮಾನ ಒಂದೇ ಊರಿನ ಮೇಲೆ ಸುತ್ತುತ್ತ ಇರಬೇಕಾದರೆ ಗಾಳಿಯ ವೇಗ ತನ್ನ ವೇಗಕ್ಕಿಂತ ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಮುಂದಕ್ಕೆ ಮೂತಿ ಮಾಡಿಕೊಂಡೇ ಹಿಂದಕ್ಕೆ ತೇಲುತ್ತದೆ. ಅಂದರೆ 20 ಕಿ.ಮೀ. ಎಂಬುದು ವಿಮಾನದ ಅನುಕೂಲಕ್ಕೆ ಬಂದ ಸಂಖ್ಯೆ. ನಿಮ್ಮ ಮೀಥೇನಿಗೂ ಅದಕ್ಕೂ ಸಂಬಂಧವಿಲ್ಲ.

ಪತ್ರಿಕಾ ಪ್ರಕಟಣೆಗಳು ಹೇಳದ ಒಂದು ಸಂಗತಿ ಇದೆ, ನಿಮ್ಮ ಏರೋಸ್ಪೇಸ್ ಗೆಳೆಯರಿಗೆ ಚೆನ್ನಾಗಿ ಗೊತ್ತಿರುತ್ತದೆ: ಈ ಜಾತಿಯ ವಿಮಾನಗಳಲ್ಲಿ ಅನೇಕವು ಮುರಿದದ್ದು ಎತ್ತರದಲ್ಲಲ್ಲ, ನೆಲದ ಹತ್ತಿರ. ಹೀಲಿಯೋಸ್ 2003ರ ಜೂನ್‌ನಲ್ಲಿ ಹವಾಯಿಯ ಕವಾಯಿ ದ್ವೀಪದ ಬಳಿ, ಒಂದು ಕಿ.ಮೀ. ಎತ್ತರವನ್ನೂ ದಾಟುವ ಮೊದಲೇ ಗಾಳಿಯ ಅಲುಗಾಟಕ್ಕೆ ಸಿಕ್ಕಿತು. ರೆಕ್ಕೆ ಬಿಲ್ಲಿನಂತೆ ಮೇಲಕ್ಕೆ ಬಾಗಿತು, ಮೂತಿ ಏಳುತ್ತ ಬೀಳುತ್ತ ವೇಗ ಮಿತಿ ಮೀರಿತು, ಕೊನೆಗೆ ಚೌಕಟ್ಟೇ ಕಳಚಿ ಸಮುದ್ರಕ್ಕೆ ಬಿತ್ತು. ಗೂಗಲ್ ಕಂಪನಿಯ ಸೊಲಾರಾ 50 ಎಂಬ ಸೌರ ವಿಮಾನ 2015ರಲ್ಲಿ ಏರಿದ ಸ್ವಲ್ಪ ಹೊತ್ತಿನಲ್ಲೇ ಮುರಿಯಿತು. ಫೇಸ್‌ಬುಕ್‌ನ ಅಕ್ವಿಲಾ 2016ರ ಮೊದಲ ಹಾರಾಟದಲ್ಲಿ ಇಳಿಯುವಾಗ ಬೀಸುಗಾಳಿಗೆ ಸಿಕ್ಕಿ ರೆಕ್ಕೆಯ ಭಾಗ ಕಳೆದುಕೊಂಡಿತು. ತೆಳು ಗಾಳಿಯಲ್ಲಿ ತೇಲಲೆಂದು ಹಗುರಾಗಿ ಕಟ್ಟಿದ ದೇಹ ದಟ್ಟ ಗಾಳಿಯ ಹೊಡೆತ ತಾಳುವುದಿಲ್ಲ. ಆದರೆ ದಟ್ಟ ಗಾಳಿಯನ್ನು ಹಾಯದೆ ಮೇಲೆ ಹೋಗುವ ದಾರಿಯಿಲ್ಲ, ಆ ಏರಿಕೆಗೆ ಗಂಟೆಗಟ್ಟಲೆ ಬೇಕು. ಹಾರಿಸಲು ತಕ್ಕ ಶಾಂತ ಬೆಳಗ್ಗೆಗಾಗಿ ವಾರಗಟ್ಟಲೆ ಕಾಯುವುದು ಈ ಕೆಲಸದಲ್ಲಿ ಮಾಮೂಲು. ಮೇಲೆ ಹೆಸರಿಸಿದವೆಲ್ಲ ದೊಡ್ಡ ಹಣ, ದೊಡ್ಡ ತಂಡದ ಕೆಲಸಗಳು ಎಂಬುದನ್ನೂ ನೆನಪಿಡಿ. ಜೆಫಿರ್‌ನ 64 ದಿನದ ಹಾರಾಟ ಕೂಡ ಮುಗಿದದ್ದು ಅಪಘಾತದಲ್ಲಿ.

'ಉಪಗ್ರಹಕ್ಕೆ ಬದಲಿ' ಎಂಬ ಮಾತಿಗೆ ಬರೋಣ. 20 ಕಿ.ಮೀ. ಎತ್ತರದಿಂದ ದಿಗಂತ ಸುಮಾರು 500 ಕಿ.ಮೀ. ದೂರದಲ್ಲಿರುತ್ತದೆ, ಅದಕ್ಕೇ ಅಷ್ಟು ದೊಡ್ಡ ಪ್ರದೇಶವನ್ನು ಅಳೆಯಬಹುದು ಎಂದು ಪ್ರಸ್ತಾವಗಳಲ್ಲಿ ಬರೆಯುತ್ತಾರೆ. ಅಂಚಿನ ನೋಟ ಅಳತೆಗೆ ಬರುವುದಿಲ್ಲ. ನೇರ ಕೆಳಗಿನಿಂದ 45 ಡಿಗ್ರಿ ಓರೆಯವರೆಗೆ ಒಪ್ಪಿಕೊಂಡರೆ ಸಿಗುವುದು 20 ಕಿ.ಮೀ. ತ್ರಿಜ್ಯದ ವೃತ್ತ, ಸುಮಾರು 1,250 ಚದರ ಕಿ.ಮೀ. ಸೆಂಟಿನೆಲ್-2 ಉಪಗ್ರಹ ಒಂದೇ ಸಲಕ್ಕೆ 290 ಕಿ.ಮೀ. ಅಗಲದ ಪಟ್ಟಿಯನ್ನು 10 ಮೀಟರ್ ಪಿಕ್ಸೆಲ್‌ನಲ್ಲಿ ತೆಗೆಯುತ್ತದೆ, ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಬರುತ್ತವೆ, ಚಿತ್ರ ಪುಕ್ಕಟೆ. ವಿಸ್ತಾರದಲ್ಲಿ ಡ್ರೋನ್ ಎಂದೂ ಗೆಲ್ಲುವುದಿಲ್ಲ. ಅದು ಗೆಲ್ಲುವುದು ಒಂದೇ ಜಾಗವನ್ನು ಬಿಡದೆ ನೋಡುವುದರಲ್ಲಿ. ಧ್ರುವ ಕಕ್ಷೆಯ ಉಪಗ್ರಹ ನಿಗದಿತ ಹೊತ್ತಿಗೆ ಬಂದು ಹೋಗುತ್ತದೆ. ಭೂಸ್ಥಿರ ಉಪಗ್ರಹ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತದೆ, ಆದರೆ ಉಷ್ಣ ಚಿತ್ರದ ಪಿಕ್ಸೆಲ್ 2-4 ಕಿ.ಮೀ. ಅಗಲ. ಇವೆರಡರ ನಡುವಿನ ಖಾಲಿ ಜಾಗವೇ ಎತ್ತರದ ಡ್ರೋನಿನ ಜಾಗ. ನಿಮ್ಮ ಸಹಪಾಠಿ ಕೇಳಿದ್ದು ಸರಿಯಾದ ಪ್ರಶ್ನೆ. ನಿಮ್ಮ ವಿಷಯ ಆ ಖಾಲಿ ಜಾಗದಲ್ಲಿ ಬೀಳುತ್ತದೆಯೇ ಎಂದು ತೋರಿಸಿದರೆ ಅವಳಿಗೆ ಉತ್ತರ ಕೊಟ್ಟಂತೆ.

ಮೂರನ್ನೂ ಒಂದೊಂದಾಗಿ ನೋಡೋಣ.

ಜೌಗುನೆಲದ ಮೀಥೇನ್‌ಗೆ 20 ಕಿ.ಮೀ. ಬೇಡವೇ ಬೇಡ ಎನ್ನುತ್ತೇನೆ. ಗಾಳಿಯಲ್ಲಿ ಮೀಥೇನ್ ಎಲ್ಲೆಡೆಯೂ ಹತ್ತು ಲಕ್ಷಕ್ಕೆ 1.9 ಭಾಗದಷ್ಟು ಇದ್ದೇ ಇದೆ. ಜೌಗು ಬಿಡುವ ಹೆಚ್ಚುವರಿ ಮೀಥೇನ್ ನೆಲದಿಂದ ಒಂದೆರಡು ಕಿ.ಮೀ. ಒಳಗಿನ ಪದರದಲ್ಲಿ ಸೇರಿಕೊಳ್ಳುತ್ತದೆ. ಮೇಲಿನಿಂದ ಇಡೀ ಗಾಳಿಯ ಕಂಬದ ಮೂಲಕ ನೋಡಿದರೆ ಆ ಹೆಚ್ಚಳ ಹೆಚ್ಚಿನ ಸಂದರ್ಭಗಳಲ್ಲಿ ಶೇ. 1-2ರೊಳಗೇ ಇರುತ್ತದೆ. ಅದನ್ನು ನಂಬುವಂತೆ ಹಿಡಿಯುವ ಸ್ಪೆಕ್ಟ್ರೋಮೀಟರ್ ಐದು ಕೆ.ಜಿ. ಪೆಟ್ಟಿಗೆಯಲ್ಲಿ ಕೂರುವುದು ಕಷ್ಟ. ಅದೇ ನೂರು ಮೀಟರ್ ಎತ್ತರದಲ್ಲಿ, ಜೌಗಿನ ಗಾಳಿ ಹೊರಡುವ ಬದಿಯಲ್ಲಿ, ಬೇರೆ ಬೇರೆ ಎತ್ತರಕ್ಕೆ ಅಡ್ಡಡ್ಡ ಹಾರಿ ಪರದೆಯೊಂದನ್ನು ಹೆಣೆದರೆ, ಬಂದ ಗಾಳಿ-ಹೋದ ಗಾಳಿಯ ವ್ಯತ್ಯಾಸದಿಂದ ಹೊರಸೂಸುವಿಕೆ ಲೆಕ್ಕ ಹಾಕಬಹುದು. ಜೊತೆಗೆ ನೆಲದಲ್ಲೊಂದು ಎಡ್ಡಿ ಕೋವೇರಿಯನ್ಸ್ ಗೋಪುರ (ಗಾಳಿಯ ಸಣ್ಣ ಸುಳಿಗಳು ಮೇಲಕ್ಕೆ ಒಯ್ಯುವ ಅನಿಲವನ್ನು ಅಳೆಯುವಂಥದ್ದು) ಇದ್ದರೆ ಇನ್ನೂ ಗಟ್ಟಿ. ಇಲ್ಲಿ ನಿಮ್ಮ ಮಾರುಕಟ್ಟೆಯ ಡ್ರೋನಿಗೆ ನಿಜವಾದ ಕೆಲಸವಿದೆ. ಪ್ರೊಪೆಲ್ಲರ್ ತಳ್ಳುವ ಗಾಳಿ ಅಳತೆ ಕೆಡಿಸದಂತೆ ಹೀರುಕೊಳವೆಯನ್ನು ದೂರ ಚಾಚಬೇಕು, ಅಷ್ಟೇ.

ಹೊಗೆಯ ವಿಷಯದಲ್ಲಿ ಉತ್ತರ 'ಯಾವ ಹೊಗೆ' ಎಂಬುದರ ಮೇಲಿದೆ. ಸಾಮಾನ್ಯ ಕಾಡ್ಗಿಚ್ಚಿನ ಹೊಗೆ ಕೆಳಗಿನ ಕೆಲವು ಕಿ.ಮೀ.ನಲ್ಲೇ ಹರಡುತ್ತದೆ. ಆದರೆ ಬೆಂಕಿಯೇ ಗುಡುಗುಮೋಡ ಹುಟ್ಟಿಸುವಷ್ಟು ದೊಡ್ಡದಾದಾಗ ಹೊಗೆ ಸ್ಟ್ರಾಟೋಸ್ಫಿಯರ್ ಹೊಗುತ್ತದೆ. 2019-20ರ ಆಸ್ಟ್ರೇಲಿಯಾದ ಬೆಂಕಿಯ ಹೊಗೆಯ ಒಂದು ಸುಳಿ ಬಿಸಿಲು ಹೀರಿ ತಾನೇ ಬಿಸಿಯಾಗುತ್ತ ಸುಮಾರು 35 ಕಿ.ಮೀ.ವರೆಗೆ ಏರಿದ್ದನ್ನು ಉಪಗ್ರಹಗಳು ಹಿಂಬಾಲಿಸಿದವು. ಅಂಥ ಹೊಗೆಯ ಕಣಗಳನ್ನು ಅದರೊಳಗೇ ಹೋಗಿ ಹಿಡಿಯುವುದು ನಿಜವಾದ ಎತ್ತರದ ಪ್ರಶ್ನೆ. ಎಲ್ಲಿ, ಯಾವಾಗ ಏಳುತ್ತದೆ ಎಂದು ಮೊದಲೇ ಹೇಳಲಾಗದ್ದಕ್ಕೆ ಥೀಸಿಸ್ ಕಟ್ಟಿಹಾಕುವುದು ಮಾತ್ರ ಜಾಣತನವಲ್ಲ.

ನೆಲದ ಉಷ್ಣತೆಗೆ ಎತ್ತರ ಒಪ್ಪುತ್ತದೆ. ಬೆಳಗಿನಿಂದ ಸಂಜೆವರೆಗೆ ಒಂದು ಜಲಾನಯನ ಪ್ರದೇಶದ ಪ್ರತಿ ಹೊಲ, ಕೆರೆ, ಕಾಡಿನ ಅಂಚು ಹೇಗೆ ಬಿಸಿಯಾಗಿ ತಣಿಯುತ್ತದೆ ಎಂದು ತಿಳಿದರೆ ನೀರು ಆವಿಯಾಗುವ ಲೆಕ್ಕ ಎಷ್ಟೋ ಉತ್ತಮವಾಗುತ್ತದೆ. ಲ್ಯಾಂಡ್‌ಸ್ಯಾಟ್‌ನ ಉಷ್ಣ ಸೆನ್ಸರ್ 100 ಮೀಟರ್ ಪಿಕ್ಸೆಲ್‌ನದು, ಎರಡು ಉಪಗ್ರಹ ಸೇರಿದರೂ ಎಂಟು ದಿನಕ್ಕೊಮ್ಮೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2018ರಿಂದ ಇರುವ ಇಕೋಸ್ಟ್ರೆಸ್ 70 ಮೀಟರ್ ಆಸುಪಾಸಿನಲ್ಲಿ ದಿನದ ಬೇರೆ ಬೇರೆ ಹೊತ್ತು ನೋಡುತ್ತದೆ, ಆದರೆ ಒಂದೇ ದಿನದ ಇಡೀ ಏರಿಳಿತ ಅದಕ್ಕೆ ಸಿಗದು. 20 ಕಿ.ಮೀ. ಎತ್ತರದಲ್ಲಿ 5 ಸೆಂ.ಮೀ. ಮಸೂರದ ಉಷ್ಣ ಕ್ಯಾಮೆರಾ ಇಟ್ಟರೆ ಬೆಳಕಿನ ವಿವರ್ತನೆಯಿಂದ, ಅಂದರೆ ಮಸೂರ ಹಾಯುವಾಗ ಬೆಳಕು ಹರಡಿಕೊಳ್ಳುವುದರಿಂದ, ಬಿಡಿಯಾಗಿ ಕಾಣುವ ಅತಿ ಸಣ್ಣ ವಿವರವೇ ಸುಮಾರು 5 ಮೀಟರ್. ಅದಕ್ಕಿಂತ ಸೂಕ್ಷ್ಮ ಬೇಕೆಂದರೆ ಮಸೂರ ದೊಡ್ಡದಾಗಬೇಕು, ಭಾರವೂ. ಐದು ಮೀಟರ್, ಕಾಲು ಗಂಟೆಗೊಮ್ಮೆ, ಇಡೀ ದಿನ: ಇದನ್ನು ಈಗಿನ ಯಾವ ಉಪಗ್ರಹವೂ ಕೊಡುವುದಿಲ್ಲ.

ಇಲ್ಲೊಂದು ತೊಡಕಿದೆ, ಅನೇಕರು ಗಮನಿಸುವುದಿಲ್ಲ. 20 ಕಿ.ಮೀ.ನಲ್ಲಿ ಗಾಳಿಯ ಒತ್ತಡ ಸುಮಾರು 55 ಹೆಕ್ಟೋಪಾಸ್ಕಲ್. ಅಂದರೆ ವಾಯುಮಂಡಲದ ಶೇ. 94ಕ್ಕೂ ಹೆಚ್ಚು ಭಾಗ, ನೀರಾವಿಯಂತೂ ಬಹುತೇಕ ಪೂರ್ತಿ, ನಿಮ್ಮ ಕ್ಯಾಮೆರಾ ಮತ್ತು ನೆಲದ ನಡುವೆಯೇ ಇರುತ್ತದೆ. ಡ್ರೋನ್ ಹತ್ತಿರದಿಂದ ನೋಡುತ್ತದೆ, ಆದ್ದರಿಂದ ವಾಯುಮಂಡಲದ ತಿದ್ದುಪಡಿ (ನಡುವಿನ ಗಾಳಿ ಬೆರೆಸುವ ತಪ್ಪನ್ನು ಕಳೆಯುವ ಲೆಕ್ಕ) ಬೇಡ ಎಂದು ಪ್ರಸ್ತಾವಗಳಲ್ಲಿ ಬರೆದಿರುವುದನ್ನು ಕಂಡಿದ್ದೇನೆ. ನೂರು ಮೀಟರಿನ ಡ್ರೋನಿಗೆ ಆ ಮಾತು ಹೆಚ್ಚುಕಡಿಮೆ ಸರಿ. 20 ಕಿ.ಮೀ.ಗೆ ತಪ್ಪು. ತಿದ್ದುಪಡಿಯ ಮಟ್ಟಿಗೆ ನಿಮ್ಮದು ಉಪಗ್ರಹವೇ. ಮೋಡ ಅಡ್ಡ ಬಂದರೂ ಅಷ್ಟೇ. ಮೋಡಗಳೆಲ್ಲ ನಿಮಗಿಂತ ಕೆಳಗಿವೆ.

ಕಡಿಮೆ ಬೆಲೆಯ ಸೆನ್ಸರ್ ಬಗ್ಗೆ: ಜರ್ನಲ್‌ನವರು ಬೆಲೆ ನೋಡುವುದಿಲ್ಲ, ಅನಿಶ್ಚಿತತೆಯ ಲೆಕ್ಕ ನೋಡುತ್ತಾರೆ. ಅಗ್ಗದ ಸೆನ್ಸರ್ ನೆಲದಲ್ಲಿ ಕೊಟ್ಟ ಅಂಕಿ ಎತ್ತರದಲ್ಲೂ ಅದೇ ಅರ್ಥ ಕೊಡುತ್ತದೆ ಎಂಬ ನಂಬಿಕೆಯೇ ತೊಂದರೆಯ ಮೂಲ. ವಿದ್ಯುದ್ರಾಸಾಯನಿಕ ಅನಿಲ ಸೆನ್ಸರ್‌ಗಳ ಒಳಗೆ ನೀರು ಬೆರೆತ ದ್ರಾವಣವಿರುತ್ತದೆ. ಸೊನ್ನೆಗಿಂತ 56 ಡಿಗ್ರಿ ಕೆಳಗೆ, ಒಣ ಗಾಳಿಯಲ್ಲಿ, ಅದರಿಂದ ಏನನ್ನೂ ನಿರೀಕ್ಷಿಸಬೇಡಿ. ಅವಕೆಂಪು ಬೆಳಕಿನಿಂದ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ವಾಸ್ತವದಲ್ಲಿ ಅಣುಗಳನ್ನು ಎಣಿಸುತ್ತದೆ, ಒತ್ತಡ ಇಳಿದಂತೆ ಅಂಕಿಯೂ ಇಳಿಯುತ್ತದೆ. ತಿದ್ದದೆ ಹೋದರೆ ಎತ್ತರದಲ್ಲಿ ಗಾಳಿ ಶುದ್ಧವಾಗಿದೆ ಎಂಬ ಸುಳ್ಳು ತೀರ್ಮಾನ ಬರುತ್ತದೆ. ಕಣ ಎಣಿಸುವ ಸೆನ್ಸರಿನ ಫ್ಯಾನ್ ತೆಳು ಗಾಳಿಯಲ್ಲಿ ಎಷ್ಟು ಗಾಳಿ ಎಳೆಯುತ್ತದೆ ಎಂದು ಅಳೆದಿರದಿದ್ದರೆ ಎಣಿಕೆಗೆ ಬೆಲೆಯಿಲ್ಲ. ತಂಪುಗೊಳಿಸದ ಉಷ್ಣ ಕ್ಯಾಮೆರಾಗಳು ತಮ್ಮದೇ ಪೆಟ್ಟಿಗೆಯ ಬಿಸಿಗೆ ಹಲವು ಡಿಗ್ರಿ ಜಾರುತ್ತವೆ, ಅದಕ್ಕೆ ಗೊತ್ತಾದ ಉಷ್ಣತೆಯ ಫಲಕವೊಂದನ್ನು ಆಗಾಗ ತೋರಿಸುತ್ತಿರಬೇಕು. ಸ್ಟ್ರಾಟೋಸ್ಫಿಯರ್‌ನ ಗಾಳಿಯಲ್ಲಿ ನೀರಾವಿ ಹತ್ತು ಲಕ್ಷಕ್ಕೆ ಐದು ಭಾಗದಷ್ಟು ಮಾತ್ರ. ವಿಮಾನದ ಮೈ ಕೆಳಗಿನಿಂದ ಹೊತ್ತು ತಂದ ತೇವವೇ ಆ ಅಳತೆಯನ್ನು ಮುಳುಗಿಸಿಬಿಡುತ್ತದೆ.

ನನ್ನ ಅನುಭವದಲ್ಲಿ ಕೈಕೊಡುವುದು ಹೆಚ್ಚಾಗಿ ಸೆನ್ಸರ್ ಅಲ್ಲ. ಕನೆಕ್ಟರ್, ಅಂಟು, ಕೇಬಲ್ಲಿನ ಹೊದಿಕೆ. ಆ ಎತ್ತರದ ಓಜೋನ್ ಮತ್ತು ಅತಿನೇರಳೆ ಕಿರಣಕ್ಕೆ ರಬ್ಬರ್ ಬಿರಿಯುತ್ತದೆ. ಚಳಿ ಎಂದು ಎಲ್ಲವನ್ನೂ ಸುತ್ತಿಟ್ಟರೆ ಹಗಲಲ್ಲಿ ಸರ್ಕ್ಯೂಟ್ ಬೋರ್ಡ್ ಕಾಯುತ್ತದೆ, ಯಾಕೆಂದರೆ ಬಿಸಿ ಒಯ್ಯಲು ಅಲ್ಲಿ ಸಾಕಷ್ಟು ಗಾಳಿಯೇ ಇಲ್ಲ. ಹೆಚ್ಚು ವೋಲ್ಟೇಜ್ ಇರುವಲ್ಲಿ ತೆಳು ಗಾಳಿಯಲ್ಲಿ ಕಿಡಿ ಹಾರುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಚಾರ್ಜ್ ಮಾಡಿದ ಲಿಥಿಯಂ ಕೋಶಗಳು ಒಳಗೇ ಹಾಳಾಗುತ್ತವೆ. ಜಿಪಿಎಸ್ ಕೊಳ್ಳುವ ಮುನ್ನ ಅದರ ವಿವರಪಟ್ಟಿ ಓದಿ: ರಫ್ತು ನಿಯಂತ್ರಣದ ಹಳೆಯ ನಿಯಮವೊಂದರಿಂದ ಅನೇಕ ರಿಸೀವರ್‌ಗಳು 18 ಕಿ.ಮೀ. ದಾಟಿದೊಡನೆ ಸ್ಥಾನ ಕೊಡುವುದನ್ನು ನಿಲ್ಲಿಸಿಬಿಡುತ್ತವೆ. ವಿಮಾನ ಕಟ್ಟುವ ಮೊದಲೇ ನಿರ್ವಾತ-ಶೀತ ಕೋಣೆಯೊಂದರಲ್ಲಿ ನಿಮ್ಮ ಪೆಟ್ಟಿಗೆಯನ್ನು ರಾತ್ರಿ-ಹಗಲಿನ ಚಕ್ರದಲ್ಲಿ ಓಡಿಸಿ. ಇದಕ್ಕೆ ಅನುದಾನದಲ್ಲಿ ಸಾಲು ಇಲ್ಲದಿದ್ದರೆ ಈಗಲೇ ಕೇಳಿ.

ಈ ಕ್ಷೇತ್ರದಲ್ಲಿ ನಿಜವಾಗಿ ವಿಜ್ಞಾನ ಹುಟ್ಟಿಸಿದ ಕೆಲಸಗಳನ್ನು ನೋಡಿದರೆ ನನಗೊಂದು ಸಮಾನ ಗುಣ ಕಾಣುತ್ತದೆ. 1987ರಲ್ಲಿ ಅಂಟಾರ್ಕ್ಟಿಕಾದ ಓಜೋನ್ ರಂಧ್ರಕ್ಕೆ ಕ್ಲೋರಿನ್ ಕಾರಣವೇ ಎಂದು ನೋಡಲು ನಾಸಾದ ಇಆರ್-2 ವಿಮಾನ ಚಿಲಿಯ ಪುಂಟಾ ಅರೇನಾಸ್‌ನಿಂದ ಹೋಯಿತು. ಕ್ಲೋರಿನ್ ಮಾನಾಕ್ಸೈಡ್ ಏರಿದಲ್ಲಿ ಓಜೋನ್ ಇಳಿದದ್ದನ್ನು ತೋರಿಸಿತು. ಪೈಲಟ್ ಇದ್ದ, ಹಳೆಯ ಗೂಢಚಾರ ವಿಮಾನದ ಮಾದರಿಯ ಯಂತ್ರ ಅದು, ಹೊಸದಾಗಿದ್ದದ್ದು ಉಪಕರಣ. 2006ರ ಮಾರ್ಚ್‌ನಲ್ಲಿ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಅವರ ತಂಡ ಮಾಲ್ಡೀವ್ಸ್‌ನಲ್ಲಿ ಮೂರು ಸಣ್ಣ ಮಾನವರಹಿತ ವಿಮಾನಗಳನ್ನು ಒಂದರ ಮೇಲೊಂದರಂತೆ, ಕಂದು ಮೋಡದ (ಹೊಗೆ-ಮಸಿಯ ಮಾಲಿನ್ಯದ ಪದರದ) ಕೆಳಗೆ, ಒಳಗೆ, ಮೇಲೆ ಏಕಕಾಲಕ್ಕೆ ಹಾರಿಸಿತು. ಎತ್ತರ ಹೆಚ್ಚೆಂದರೆ ಮೂರು ಕಿ.ಮೀ. ಆಸುಪಾಸು. ಆ ಕಂದು ಮೋಡಗಳು ಕೆಳ ವಾಯುಮಂಡಲದ ಬಿಸಿಲ ಕಾವನ್ನು ಸುಮಾರು ಶೇ. 50ರಷ್ಟು ಹೆಚ್ಚಿಸುತ್ತವೆ ಎಂಬ ಫಲಿತಾಂಶ ಮರುವರ್ಷ ನೇಚರ್‌ನಲ್ಲಿ ಬಂತು. ಅಲ್ಲೂ ಜಾಣತನವಿದ್ದದ್ದು ಉಪಕರಣಗಳನ್ನು ಕಿರಿದಾಗಿಸಿದ್ದರಲ್ಲಿ, ಮೂರನ್ನೂ ಒಟ್ಟಿಗೆ ಹಾರಿಸಿದ್ದರಲ್ಲಿ. ನಾಸಾದ ಗ್ಲೋಬಲ್ ಹಾಕ್ ಮಿಲಿಟರಿ ವಿಮಾನವಾಗಿ ಮೊದಲೇ ಪಳಗಿತ್ತು. ಆಮೇಲೆ ಅದು 2012-14ರಲ್ಲಿ ಚಂಡಮಾರುತಗಳ ಮೇಲೆ ಹಾರಿ ಅಳತೆಯ ಪೆಟ್ಟಿಗೆಗಳನ್ನು ಕೆಳಗೆ ಬಿಟ್ಟಿತು, ಉಷ್ಣವಲಯದಲ್ಲಿ ಸ್ಟ್ರಾಟೋಸ್ಫಿಯರ್ ಹೊಗುವ ನೀರಾವಿಯನ್ನು ಅಳೆಯಿತು. ಹೊಸ ವಿಮಾನ ಮತ್ತು ಹೊಸ ವಿಜ್ಞಾನ ಎರಡನ್ನೂ ಒಂದೇ ಥೀಸಿಸ್‌ಗೆ ಕಟ್ಟಬೇಡಿ ಎಂದು ನಾನು ಹೇಳುವುದು ಇದರಿಂದಲೇ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ನೋಡುವುದು ಬಲೂನ್ ಮತ್ತು ಗ್ಲೈಡರ್ ಜೋಡಿಯನ್ನು. ಹವಾಮಾನ ಇಲಾಖೆಗಳು ಜಗತ್ತಿನಾದ್ಯಂತ ದಿನಕ್ಕೆರಡು ಸಲ ಹಾರಿಸುವ ಬಲೂನ್‌ಗಳು 30 ಕಿ.ಮೀ. ದಾಟುತ್ತವೆ, ಓಜೋನ್ ಅಳೆಯುವ ಪೆಟ್ಟಿಗೆ ಅವುಗಳಲ್ಲಿ ದಶಕಗಳಿಂದ ಹೋಗುತ್ತಿದೆ. ಅಮೆರಿಕದ ನೋವಾ ಸಂಸ್ಥೆಯವರು ಏರ್‌ಕೋರ್ ಎಂಬ ಉದ್ದ ಸುರುಳಿ ಕೊಳವೆಯನ್ನು ಕಳಿಸುತ್ತಾರೆ. ಮೇಲೆ ಹೋಗುವಾಗ ಖಾಲಿಯಾಗಿ, ಇಳಿಯುವಾಗ ಪದರ ಪದರವಾಗಿ ಗಾಳಿ ತುಂಬಿಕೊಂಡು ಬರುತ್ತದೆ, ಪ್ರಯೋಗಾಲಯದಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯಬಹುದು. ಪ್ಯಾರಾಚೂಟ್‌ನಲ್ಲಿ ಎಲ್ಲೋ ಬೀಳುವ ಬದಲು ಅದನ್ನು ಗ್ಲೈಡರ್ ಡ್ರೋನ್ ಒಂದರಲ್ಲಿಟ್ಟು ಹೊರಟ ಜಾಗಕ್ಕೇ ಮರಳಿಸುವ ಪ್ರಯತ್ನವೂ ನಡೆದಿದೆ. ನಿಮ್ಮ ಏರೋಸ್ಪೇಸ್ ವಿಭಾಗಕ್ಕೆ ಇದು ಕೈಗೆಟುಕುವ ವಿಮಾನ: ಮೋಟಾರಿಲ್ಲ, ರಾತ್ರಿಯ ಬ್ಯಾಟರಿ ಇಲ್ಲ. ಸಿಗುವುದು ಒಂದು ಕಂಬದ ಅಳತೆ ಮಾತ್ರ, ತಂಗುವುದಿಲ್ಲ. ಗ್ಲೈಡರ್ ಗಾಳಿಗೆ ಸಿಕ್ಕಿ ದೂರ ಹೋಗಬಹುದು. ಉಪಕರಣ ಒಂದೇ ಇದ್ದು ಅದು ಕಳೆದುಹೋದರೆ ಆ ವರ್ಷವೇ ಹೋದಂತೆ, ಆದ್ದರಿಂದ ಎರಡು ಕಟ್ಟಿ.

ಎರಡನೆಯದು ಈಗಾಗಲೇ ಹಾರುತ್ತಿರುವ ವಿಮಾನದಲ್ಲಿ ಜಾಗ ಕೇಳುವುದು. ವಿಮಾನದ ಅಪಾಯ ನಿಮ್ಮದಲ್ಲ, ಆದರೆ ವೇಳಾಪಟ್ಟಿಯೂ ನಿಮ್ಮದಲ್ಲ. ನಿಮ್ಮ ಪೆಟ್ಟಿಗೆ ಅವರ ಸುರಕ್ಷತಾ ಪರೀಕ್ಷೆಗಳನ್ನು ಪಾಸಾಗಲು ತಿಂಗಳುಗಳು ಹಿಡಿಯುತ್ತವೆ, ಹಾರಾಟ ಮುಂದೂಡಿದರೆ ನೀವೂ ಮುಂದಕ್ಕೆ. ಕೆಳಗಿನ ಎತ್ತರದಲ್ಲಿ ರೆಕ್ಕೆಯ ಡ್ರೋನ್‌ಗಳನ್ನು ಬಳಸಿ ಮೀಥೇನನ್ನು ಅಚ್ಚುಕಟ್ಟಾಗಿ ಅಳೆಯುವುದು ಇನ್ನೊಂದು. ಯೋಜನೆಯ ಹೆಸರಿಗೆ ಇದು ಹೊಂದುವುದಿಲ್ಲ ಎಂದು ಗೈಡ್ ಮುಖ ಸಿಂಡರಿಸಬಹುದು. ಆದರೆ ಈ ಅಧ್ಯಾಯದ ಹಾರಾಟ ಮಾತ್ರ ನಿಮ್ಮ ಕೈಯಲ್ಲೇ ಇರುತ್ತದೆ.

ಸೌರ ವಿಮಾನವನ್ನು ಪೂರ್ತಿ ಕೈಬಿಡಿ ಎನ್ನುತ್ತಿಲ್ಲ. ಅದು ಹಾರುವ ಮೊದಲೇ ಅದರ ಡೇಟಾ ಹೇಗಿರುತ್ತದೆ ಎಂದು ಅಣಕು ಪ್ರಯೋಗ ಮಾಡಬಹುದು. ಪೈಲಟ್ ಇರುವ ವಿಮಾನದಿಂದ ತೆಗೆದ ಸೂಕ್ಷ್ಮ ಉಷ್ಣ ಚಿತ್ರಗಳಿದ್ದರೆ ಅವನ್ನು ಐದು ಮೀಟರಿಗೆ ಒರಟಾಗಿಸಿ, ಸೆನ್ಸರಿನ ಜಾರುವಿಕೆ, ನೀರಾವಿಯ ತಪ್ಪು, ವಿಮಾನದ ಅಲುಗಾಟ, ಮೋಡ ಎಲ್ಲ ಸೇರಿಸಿ, ನೀರು ಆವಿಯಾಗುವ ಲೆಕ್ಕ ಉಪಗ್ರಹಕ್ಕಿಂತ ಎಷ್ಟು ಸುಧಾರಿಸುತ್ತದೆ ಎಂದು ನೋಡಿ. ಸುಧಾರಣೆ ಅತ್ಯಲ್ಪ ಎಂದು ಬಂದರೆ ಅದೂ ಪ್ರಕಟಿಸಬಹುದಾದ ಫಲಿತಾಂಶ, ಜೊತೆಗೆ ನಿಮ್ಮ ವಿಭಾಗದ ಬಹಳಷ್ಟು ಹಣ ಉಳಿಯುತ್ತದೆ. ನನ್ನ ಕೇಳಿದರೆ ಇದೇ ನಿಮ್ಮ ಮೊದಲ ಅಧ್ಯಾಯ. ಎರಡನೆಯದು ಪೆಟ್ಟಿಗೆಯ ಕೋಣೆ ಪರೀಕ್ಷೆ ಮತ್ತು ಕ್ಯಾಲಿಬ್ರೇಷನ್. ಮೂರನೆಯದು ಕೆಳಗಿನ ಡ್ರೋನ್ ಅಥವಾ ಬಲೂನಿನ ನಿಜ ಹಾರಾಟ. ಎರಡು-ಮೂರು ವರ್ಷಕ್ಕೆ ಇಷ್ಟು ಸರಿಹೋಗುತ್ತದೆ. 20 ಕಿ.ಮೀ.ನ ಸೌರ ವಿಮಾನ ಅಷ್ಟರಲ್ಲಿ ಹಾರುವುದು, ಹಾರಿ ಉಳಿಯುವುದು, ಉಳಿದು ಅಳೆಯುವುದು, ಈ ಮೂರೂ ಆಗುತ್ತವೆ ಎಂದು ನಾನಂತೂ ಪಣ ಕಟ್ಟುವುದಿಲ್ಲ.

ಅನುಮತಿಯ ಮಾತನ್ನು ಕೊನೆಗೆ ಹೇಳುತ್ತಿದ್ದೇನೆ, ಕೆಲಸದಲ್ಲಿ ಮಾತ್ರ ಅದು ಮೊದಲು ಬರಬೇಕು. ಬಹಳಷ್ಟು ದೇಶಗಳಲ್ಲಿ ಸಾಮಾನ್ಯ ಡ್ರೋನಿಗೆ ಸುಮಾರು 120 ಮೀಟರಿನ ಮಿತಿ ಇದೆ. 20 ಕಿ.ಮೀ.ನಲ್ಲಿ ಪ್ರಯಾಣಿಕ ವಿಮಾನಗಳಿಲ್ಲ ನಿಜ, ಆದರೆ ಅಲ್ಲಿಗೆ ಹೋಗುವಾಗ, ಬರುವಾಗ ಅವು ಹಾರುವ ಪದರವನ್ನು ನಿಧಾನವಾಗಿ ಹಾಯಲೇಬೇಕು. ಅದಕ್ಕೆ ವಾಯುಪ್ರದೇಶ ಕಾಯ್ದಿರಿಸುವ, ಸಂಪರ್ಕ ಕಡಿದರೆ ವಿಮಾನ ಏನು ಮಾಡುತ್ತದೆ ಎಂದು ಬರೆದುಕೊಡುವ ಕಾಗದಪತ್ರ ದೊಡ್ಡದು. ಬಲೂನಿಗೂ ಅನುಮತಿ ಬೇಕು. ಅರ್ಜಿ ಯಾರ ಹೆಸರಲ್ಲಿ ಹೋಗಿದೆ, ಯಾವ ಹಂತದಲ್ಲಿದೆ ಎಂದು ಮುಂದಿನ ಸಭೆಯಲ್ಲೇ ಕೇಳಿ. ಅದೇ ಸಭೆಯಲ್ಲಿ, ವಿಮಾನ ಹಾರದಿದ್ದರೂ ಸಲ್ಲಿಸಬಹುದಾದ ಅಧ್ಯಾಯಗಳು ಯಾವುವು ಎಂದು ಡಾಕ್ಟೊರಲ್ ಸಮಿತಿಯಿಂದ ತೀರ್ಮಾನ ಮಾಡಿಸಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಗೈಡ್ ಬೇಸರಿಸಿಕೊಳ್ಳುತ್ತಾರೇನೋ ಎಂಬ ಅಂಜಿಕೆ ಇದ್ದರೆ ಅಣಕು ಪ್ರಯೋಗದ ಕರಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಯೋಜನೆಗೂ ಅದು ಬೇಕಾದ ಕೆಲಸವೇ ಆದ್ದರಿಂದ ಮಾತು ಸಲೀಸಾಗುತ್ತದೆ.